ಬಯಲುಸೀಮೆಯಲ್ಲಿ ನೀರಿನ ಜಾಡು ಹಿಡಿದು ಸುತ್ತುವುದು ಹೇಗೆ?

ಪ್ರಶ್ನೆ: ನಮ್ಮದು ಲಕ್ಷ್ಮೇಶ್ವರ ಕಡೆಯ ಹಳ್ಳಿ. ಒಂಬತ್ತು ಮತ್ತು ಹದಿಮೂರು ವರ್ಷದ ಇಬ್ಬರು ಮಕ್ಕಳು. ದಸರಾ ಸೂಟಿಯಲ್ಲಿ ಮಾಗಡಿ ಕೆರೆಗೆ ಕರೆದುಕೊಂಡು ಹೋಗಿದ್ದೆ. ಕೆರೆ ತುಂಬಿತ್ತು, ಆದರೆ ಹೆಬ್ಬಾತು ಒಂದೂ ಇರಲಿಲ್ಲ. ನಮ್ಮ ಕಡೆಯ ಕೆರೆ, ಹಳ್ಳ, ಅಡವಿ ಸುತ್ತಿದರೆ ನೋಡುವಂಥದ್ದು ಏನಾದರೂ ಇದೆಯೇ, ಇಲ್ಲ ದಾಂಡೇಲಿಗೇ ಹೋಗಬೇಕೇ? ಯಾವ ಕಾಲ ಒಳ್ಳೆಯದು, ಏನೇನು ಒಯ್ಯಬೇಕು, ಮಕ್ಕಳನ್ನು ನೀರಿಗೆ ಇಳಿಸಬಹುದೇ?

ಉತ್ತರ: ನೀವು ಹೋದ ಜಾಗ ಸರಿ, ಹೋದ ತಿಂಗಳು ತಪ್ಪು. ಪಟ್ಟೆತಲೆ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯ ಎತ್ತರದ ಸರೋವರಗಳ ದಂಡೆಯಲ್ಲಿ ಮರಿ ಮಾಡುತ್ತವೆ. ಹಿಮಾಲಯ ದಾಟಿ ನಮ್ಮ ಕಡೆ ಇಳಿಯುವ ಹೊತ್ತಿಗೆ ದೀಪಾವಳಿ ಬಂದಿರುತ್ತದೆ. ನವೆಂಬರಿನಲ್ಲಿ ಮೊದಲ ಗುಂಪುಗಳು, ಡಿಸೆಂಬರ್ ಕೊನೆಯಿಂದ ಫೆಬ್ರವರಿ ನಡುವಿನ ತನಕ ದೊಡ್ಡ ಜಾತ್ರೆ, ಮಾರ್ಚ್ ಹೊತ್ತಿಗೆ ಖಾಲಿ. ಮಾಗಡಿ ಐವತ್ತು ಹೆಕ್ಟೇರಿನ ಆಸುಪಾಸಿನ ಕೆರೆ. ಹೊಲಗಳಿಗೆ ನೀರು ಬೇಕೆಂದು ಜನ ಕಟ್ಟಿಕೊಂಡದ್ದು, ತಾನಾಗಿ ಆದದ್ದಲ್ಲ. ಅಂಥ ಕೆರೆಯಲ್ಲಿ ಚಳಿಗಾಲಕ್ಕೆ ಸುಮಾರು 8,000 ಹೆಬ್ಬಾತು ಬಂದು ಕೂಡುತ್ತವೆ ಎಂಬ ಕಾರಣಕ್ಕೇ ಅದು ರಾಮ್ಸಾರ್ ಪಟ್ಟಿ (ಜಗತ್ತಿನ ಮಹತ್ವದ ಕೆರೆ, ಜೌಗುಗಳ ಪಟ್ಟಿ) ಸೇರಿತು. 2024ರ ಜನವರಿಯಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜತೆ ಅದರ ಹೆಸರೂ ಪ್ರಕಟವಾಯಿತು.

ಹೊತ್ತಿನ ಮಾತೂ ಇದೆ. ಈ ಹೆಬ್ಬಾತು ಹುಲ್ಲು, ಕಾಳು, ಎಳೆ ಪೈರು ತಿನ್ನುವ ಹಕ್ಕಿ. ಕೆರೆಗೆ ಅದು ಬರುವುದು ಮುಖ್ಯವಾಗಿ ಮಲಗಲಿಕ್ಕೆ, ಮೇಯಲಿಕ್ಕಲ್ಲ. ಹೊತ್ತು ಮುಳುಗುವಾಗ ಶೇಂಗಾ ಕಿತ್ತ ಹೊಲ, ಕಡಲೆ ಹೊಲ ಅಂತ ಹೊರಟರೆ ಬೆಳಗ್ಗೆ ಬಿಸಿಲೇರಿದ ಮೇಲೆ ತಿರುಗಿ ಬಂದು, ಮಧ್ಯಾಹ್ನವೆಲ್ಲ ನೀರಿನಂಚಿನಲ್ಲಿ ತಲೆ ಬೆನ್ನಿಗೆ ಹುದುಗಿಸಿ ನಿಂತಿರುತ್ತವೆ. ಹಕ್ಕಿ ನೋಡಲು ನಸುಕಿನಲ್ಲೇ ಹೋಗಬೇಕು ಎನ್ನುವ ಮಾತು ಮಾಗಡಿಗೆ ಅರ್ಧ ಮಾತ್ರ ಹೊಂದುತ್ತದೆ. ಬೆಳಗ್ಗೆ ಎಂಟೂವರೆಗೆ ಹೋಗಿ ಮೂಡಣ ದಂಡೆಯಲ್ಲಿ, ಬೆನ್ನಿಗೆ ಬಿಸಿಲು ಬೀಳುವಂತೆ ಕುಳಿತರೆ ಸಾಲುಸಾಲಾಗಿ ಇಳಿಯುವುದನ್ನೇ ನೋಡಬಹುದು. ನೂರು ಮೀಟರಿಗಿಂತ ಹತ್ತಿರ ಬೇಡ. ಮಲಗಿದ ಗುಂಪಿನಲ್ಲಿ ಎರಡು ಮೂರು ಕುತ್ತಿಗೆ ಮೇಲೆದ್ದರೆ ಅದು ಕಾವಲು, ಸಹಜ. ಎಲ್ಲ ಕುತ್ತಿಗೆಗಳೂ ಒಟ್ಟಿಗೆ ನೆಟ್ಟಗಾದರೆ ನೀವು ಹೆಜ್ಜೆ ಹೆಚ್ಚಿಟ್ಟಿದ್ದೀರಿ ಎಂದರ್ಥ, ಅಲ್ಲೇ ಕುಳಿತುಬಿಡಿ. ಗಾಳಿಗೆ ಮುಖ ಮಾಡಿ ಕೂಗತೊಡಗಿದವೆಂದರೆ ಕಾಲ ಮಿಂಚಿತು.

ಕೆರೆ ತುಂಬಿತ್ತು ಎಂದು ಬರೆದಿದ್ದೀರಿ. ಬೇರೆ ನೀರುಹಕ್ಕಿಗಳೂ ಕಾಣದಿದ್ದರೆ ಅದೇ ಕಾರಣ, ಹೆಚ್ಚಿನವರು ಎಡವುವುದೂ ಅಲ್ಲೇ. ತುಂಬಿದ ಕೆರೆ ಕಣ್ಣಿಗೆ ಹಬ್ಬ, ಹಕ್ಕಿಗೆ ಉಪವಾಸ. ಮೆಟ್ಟುಗಾಲು ಹಕ್ಕಿ, ಗದ್ದೆ ಗೊರವಗಳಿಗೆ ಬೇಕಾದದ್ದು ನಾಲ್ಕರಿಂದ ಹದಿನೈದು ಸೆಂಟಿಮೀಟರ್ ನೀರು. ತಲೆ ಮುಳುಗಿಸಿ ಬಾಲ ಎತ್ತಿ ಮೇಯುವ ಸೂಜಿಬಾಲದ ಬಾತಿಗೂ ಒಂದೂವರೆ ಅಡಿ ದಾಟಿದರೆ ತಳ ಎಟುಕುವುದಿಲ್ಲ. ಕೋಡಿ ಬಿದ್ದ ಕೆರೆಯಲ್ಲಿ ಅಂಚೆಲ್ಲ ಮುಳುಗಿ, ನೀರುಕಾಗೆ, ಗುಳುಮುಳುಕದಂಥ ಮುಳುಗುವ ಹಕ್ಕಿಗಳಷ್ಟೇ ಉಳಿಯುತ್ತವೆ. ಅರ್ಧ ಇಳಿದ ಕೆರೆ, ಅದರ ಸುತ್ತ ರಾಡಿಯ ಅಗಲವಾದ ಅಂಚು, ಅಲ್ಲಲ್ಲಿ ತೆಳುನೀರು: ಹಕ್ಕಿ ಕೂಡುವ ಕೆರೆ ಹೀಗಿರುತ್ತದೆ.

ದಾಂಡೇಲಿ ಪ್ರಶ್ನೆಗೆ ನೇರ ಉತ್ತರ: ಈ ವರ್ಷ ಬೇಡ. ಹತ್ತು ಜಾಗ ಒಂದೊಂದು ಸಲ ನೋಡುವುದಕ್ಕಿಂತ ಒಂದೇ ಕೆರೆಯನ್ನು ಹತ್ತು ಸಲ ನೋಡಿ. ಅದರ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಮೇಲಕ್ಕೂ ಕೆಳಕ್ಕೂ ನಡೆಯಿರಿ. ಮಲೆನಾಡಿನಲ್ಲಿ ಗಿಡಗಂಟಿ ಎಲ್ಲ ಕಡೆ ಇರುವುದರಿಂದ ಎತ್ತ ಹೋದರೂ ಏನೋ ಸಿಗುತ್ತದೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಗದಗ ಸೀಮೆಯಲ್ಲಿ ಜೀವವೆಲ್ಲ ನೀರಿನ ದಾರಿಯುದ್ದಕ್ಕೆ ಗೆರೆ ಎಳೆದಂತೆ ಕೂತಿದೆ. ಆ ಗೆರೆ ಬಿಟ್ಟು ಅರ್ಧ ಕಿಲೋಮೀಟರ್ ಆಚೆ ನಡೆದರೆ ಬರೀ ಹೊಲ ಸಿಗುತ್ತದೆ.

ಕೆರೆ ಆರಿಸಲು ಫೋನಿನ ಮ್ಯಾಪಿನಲ್ಲಿ ಉಪಗ್ರಹ ಚಿತ್ರ ತೆಗೆಯಿರಿ. ನೀರಿನ ಒಂದು ಬದಿ ಹಗ್ಗ ಎಳೆದಂತೆ ನೇರವಾಗಿದ್ದರೆ ಅದೇ ಏರಿ. ಏರಿ ಯಾವತ್ತೂ ತಗ್ಗಿನ ಬದಿಗಿರುತ್ತದೆ. ಅದರ ಎದುರು ಬದಿಗೆ, ಹಾವಿನಂತೆ ಹೊರಳುವ ಹಸಿರು ಗೆರೆಗಳು ಕಂಡರೆ ಅವು ಕೆರೆಗೆ ಬರುವ ಹಳ್ಳಗಳು. ಏರಿಯ ಆಚೆ ಚೌಕಚೌಕವಾಗಿ ಹಸಿರಿದ್ದರೆ ಅಚ್ಚುಕಟ್ಟು, ಅಂದರೆ ಕೆರೆಯ ನೀರುಣ್ಣುವ ಹೊಲಗದ್ದೆ. ಎದುರು ಬದಿ ಇಳಿಜಾರು ಮೆಲ್ಲಗಿದ್ದು, ಒಂದು ಮೂಲೆಯಲ್ಲಿ ಆಪು (ನೀರಂಚಿನ ಎತ್ತರದ ಹುಲ್ಲು) ಬೆಳೆದಿದ್ದು, ದಂಡೆಗೆ ನಾಲ್ಕಾರು ಹಳೆಯ ಗಿಡ (ನಮ್ಮ ಕಡೆ ಮರಕ್ಕೂ ಗಿಡವೇ ತಾನೇ) ಇರುವ ಕೆರೆ ಆರಿಸಿ. ಸುತ್ತಲೂ ಕಲ್ಲು ಕಟ್ಟಿ, ವಾಕಿಂಗ್ ಟ್ರ್ಯಾಕ್ ಮಾಡಿ, ನಟ್ಟನಡುವೆ ಕಾರಂಜಿ ಇಟ್ಟ ಕೆರೆ ಚಂದ ಕಾಣುತ್ತದೆ. ಆದರೆ ಅಲ್ಲಿ ದಂಡೆ ಗೋಡೆಯಾಗಿರುವುದರಿಂದ ತೆಳುನೀರಿನ ಅಂಚೇ ಉಳಿದಿರುವುದಿಲ್ಲ. ಹಕ್ಕಿಗೂ ಕಪ್ಪೆಗೂ ಆ ಅಂಚೇ ಮನೆ.

ಮೊದಲ ಭಾನುವಾರ ಏರಿಯ ಮೇಲಷ್ಟೇ ನಡೆಯಿರಿ. ನೀರಿನ ಬದಿಗೆ ಅಲೆ ಕೊರೆಯದಂತೆ ಹಾಸಿದ ಕಲ್ಲು, ನೀರು ಬಿಡುವ ತೂಬು, ಹೆಚ್ಚಾದ ನೀರು ಹೊರಬೀಳುವ ಕೋಡಿ, ಈ ಮೂರನ್ನೂ ಮಕ್ಕಳೇ ಹುಡುಕಲಿ. ಹಳೆಯ ಕೆರೆಯಾದರೆ ತೂಬಿನ ಜಾಗದಲ್ಲಿ ಎರಡು ಕಲ್ಲುಕಂಬ, ಅವುಗಳ ನಡುವೆ ತೂತಿರುವ ಅಡ್ಡಪಟ್ಟಿ ಕಾಣುತ್ತದೆ. ಆ ತೂತಿನೊಳಗಿಂದ ಇಳಿಸಿದ ಗೂಟವನ್ನು ಎತ್ತಿ ಇಳಿಸಿ ನೀರು ಬಿಡುತ್ತಿದ್ದರು. ಹಾನಗಲ್, ಹಾವೇರಿ ಸೀಮೆಯಲ್ಲಿ ಏರಿಯ ತುದಿಗೆ ವೀರಗಲ್ಲೋ ಶಾಸನವೋ ಸಿಗುವುದೂ ಉಂಟು. ಏರಿಯ ಹೊರಬದಿಯ ಬುಡದಲ್ಲಿ ಬೇಸಿಗೆಯಲ್ಲೂ ಒಂದೇ ಕಡೆ ಹಸಿ ಇದ್ದು, ಒಸರುವ ನೀರು ಕದಡಿದ್ದರೆ ಪಂಚಾಯ್ತಿಗೆ ತಿಳಿಸಿ. ಸ್ವಚ್ಛವಾಗಿ ಒಸರಿದರೆ ಅಷ್ಟು ಗಾಬರಿಯಿಲ್ಲ. ಕದಡಿ ಒಸರಿದರೆ ಏರಿಯ ಒಳಗಿನ ಮಣ್ಣೇ ಕರಗಿ ಹೊರಬರುತ್ತಿದೆ. ಒಣಗಿದ ದೊಡ್ಡ ಗಿಡದ ಬೇರು ಕೊಳೆತು ಕೊಳವೆಯಾಗಿ ಹೀಗಾಗುವುದುಂಟು.

ಇನ್ನು ಮಣ್ಣು. ನಿಮ್ಮ ಕಡೆ ಎರೆ (ಕಪ್ಪು ಮಣ್ಣು), ಮಸಾರಿ (ಕೆಂಪು ಮಣ್ಣು) ಎರಡೂ ಇವೆ, ಎರಡರ ಬುದ್ಧಿಯೂ ಬೇರೆ. ಎರೆ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕೈ ಹೋಗುವಷ್ಟು ಬಿರಿಯುತ್ತದೆ. ಮುಂಗಾರಿನ ಮೊದಲ ಮಳೆಗಳನ್ನು ಈ ಬಿರುಕುಗಳೇ ನುಂಗುತ್ತವೆ. ಜೂನ್‌ನಲ್ಲಿ ಎಷ್ಟು ಗುಡುಗಿದರೂ ಎರೆಸೀಮೆಯ ಕೆರೆಗೆ ನೀರು ಬಾರದಿರುವುದು ಇದಕ್ಕೇ. ಆಗಸ್ಟ್ ದಾಟುವಾಗ ಮಣ್ಣು ಉಬ್ಬಿ ಬಿರುಕು ಮುಚ್ಚಿರುತ್ತದೆ. ಆಮೇಲೆ ಬಿದ್ದ ಮಳೆ ಒಳಗಿಳಿಯದೆ ಹರಿದುಬಿಡುತ್ತದೆ, ಸೆಪ್ಟೆಂಬರ್, ಅಕ್ಟೋಬರಿನ ಎರಡೇ ದೊಡ್ಡ ಮಳೆಗೆ ಕೆರೆ ತುಂಬುತ್ತದೆ. ಮಕ್ಕಳಿಗೆ ಇದನ್ನು ಕಣ್ಣಾರೆ ತೋರಿಸಬಹುದು. ಎರಡೂ ಕಡೆ ಬಾಯಿ ಕತ್ತರಿಸಿದ ಡಬ್ಬಿಯೊಂದನ್ನು ನೆಲಕ್ಕೆ ಎರಡು ಬೆರಳು ಒತ್ತಿ, ಅರ್ಧ ಲೀಟರ್ ನೀರು ಸುರಿದು, ಇಂಗಲು ಎಷ್ಟು ಹೊತ್ತು ಬೇಕು ನೋಡಿ. ಕಂಟಿಯ ಬುಡದ ಎಲೆಗೊಬ್ಬರದ ಮೇಲೆ ಒಮ್ಮೆ, ದನ ತುಳಿದ ದಾರಿಯಲ್ಲಿ ಒಮ್ಮೆ. ಮೊದಲನೆಯದು ಗಡಿಯಾರ ನೋಡುವುದರೊಳಗೆ ಮುಗಿದಿರುತ್ತದೆ, ಎರಡನೆಯದಕ್ಕೆ ಕಾದು ಕಾದು ಮಕ್ಕಳು ಎದ್ದು ಹೋಗುತ್ತಾರೆ.

ಎರೆದಾರಿಯಲ್ಲಿ ಮಳೆಯಾಗಿ ಎರಡು ದಿನ ಬೈಕ್ ಒಯ್ಯಬೇಡಿ. ರಾಡಿ ಟೈರಿಗೆ ಸುತ್ತಿ ಮಡ್‌ಗಾರ್ಡಿನೊಳಗೆ ಗಿಡಿದು ಗಾಲಿ ನಿಂತೇ ಬಿಡುತ್ತದೆ. ಎಕ್ಸಲರೇಟರ್ ತಿರುವಿದಷ್ಟೂ ಕ್ಲಚ್ ಸುಡುತ್ತದೆ, ಗಾಲಿ ತಿರುಗುವುದಿಲ್ಲ. ಒಂದು ಕಟ್ಟಿಗೆಯಿಂದ ಕೆತ್ತಿ ತೆಗೆದು, ಹುಲ್ಲಿನ ಒಡ್ಡಿನ ಮೇಲೆ ತಳ್ಳಿಕೊಂಡು ಬರುವುದೊಂದೇ ಉಪಾಯ. ಬೂಟೂ ಹಾಗೆಯೇ: ಹತ್ತು ಹೆಜ್ಜೆಗೆ ಎರಡೆರಡು ಕಿಲೋ ಮಣ್ಣು. ಹೊಲದೊಳಗೆ ಬೂಟು ಕೈಯಲ್ಲಿ ಹಿಡಿಯುವ ಆಸೆಯಾಗುತ್ತದೆ, ಬೇಡ. ಬಳ್ಳಾರಿ ಜಾಲಿಯ ಮುಳ್ಳು ಬೂಟಿನ ತಳವನ್ನೇ ತೂರುತ್ತದೆ, ಬರಿಗಾಲಿನದು ಹೇಳಬೇಕೇ.

ಈಗ ಮಕ್ಕಳ ಪ್ರಶ್ನೆ. ಕೆರೆಯಲ್ಲಿ ಮಕ್ಕಳು ಮುಳುಗುವುದು ಬಹುಪಾಲು ಹೂಳೆತ್ತಿದ ಗುಂಡಿಗಳಲ್ಲಿ. ಕೆರೆಯ ಸಹಜ ತಳ ತಟ್ಟೆಯಂತೆ, ಹತ್ತು ಹೆಜ್ಜೆಗೆ ಒಂದಡಿ ಇಳಿದರೆ ಹೆಚ್ಚು. ಜೆಸಿಬಿ ಹೂಳು ಎತ್ತಿದ ಜಾಗ ಹಾಗಲ್ಲ, ಗೋಡೆಯಂತೆ ಎಂಟು ಹತ್ತು ಅಡಿ ಒಮ್ಮೆಲೇ ಇಳಿಯುತ್ತದೆ. ನೀರು ತುಂಬಿದ ಮೇಲೆ ಕದಡಿದ ಬಣ್ಣದಲ್ಲಿ ಅದು ಕಾಣುವುದಿಲ್ಲ. ಮೊಣಕಾಲು ನೀರಿನಲ್ಲಿ ನಿಂತ ಹುಡುಗ ಮುಂದಿನ ಹೆಜ್ಜೆಗೆ ಇಲ್ಲವಾಗುತ್ತಾನೆ. ಗೋಡೆ ಜಾರುವ ಜೇಡಿಯಾದ್ದರಿಂದ ಈಜು ಬಂದವರಿಗೂ ಹತ್ತಲು ಹಿಡಿತ ಸಿಗುವುದಿಲ್ಲ. ಆದ್ದರಿಂದ ನಿಮ್ಮ ಕೆರೆಯನ್ನು ಏಪ್ರಿಲ್, ಮೇ ತಿಂಗಳಲ್ಲಿ ನೀರು ಬತ್ತಿದಾಗ ಒಮ್ಮೆ ನಡೆದು ನೋಡಿ ಗುಂಡಿಗಳು ಎಲ್ಲೆಲ್ಲಿವೆ ಎಂದು ಚೀಟಿಯಲ್ಲಿ ಗೆರೆ ಹಾಕಿಕೊಳ್ಳಿ. ಅದಾಗುವವರೆಗೆ ಮಕ್ಕಳು ನೀರಿಗಿಳಿಯುವುದು ಬೇಡ. ಅದಾದ ಮೇಲೂ ಚಿಕ್ಕವನ ಮೊಣಕಾಲಿನ ಮಟ್ಟವೇ ಗಡಿ, ದೊಡ್ಡವರು ಮುಂದೆ, ಕೈಯಲ್ಲಿ ಬಡಿಗೆ.

ಬಡಿಗೆ ಐದಡಿಯದಿರಲಿ, ಅಡಿಗೊಂದು ಗೀರು ಹಾಕಿ. ಪ್ರತಿ ಹೆಜ್ಜೆಗೂ ಮುನ್ನ ಮುಂದೆ ಊರಿ ನೋಡಿ, ಒಂದು ಗೇಣಿಗಿಂತ ಹೆಚ್ಚು ಹೂತರೆ ಹಿಂದಿರುಗಿ. ಬತ್ತುವ ಕೆರೆಯ ಅಂಚಿನಲ್ಲಿ ಹುದಲು ಬೇರೆ ಮೋಸ ಮಾಡುತ್ತದೆ: ಮೇಲೆ ಒಣಗಿ ಹೆಂಚಿನಂತೆ ಬಿರಿದ ಪದರ, ಕೆಳಗೆ ಗಂಜಿ. ಬಿರುಕಿನ ತುದಿಗಳು ಮೇಲಕ್ಕೆ ಸುರುಳಿಯಾಗಿ, ಕಾಲಿಟ್ಟರೆ ಪಟಪಟ ಮುರಿದರೆ ಮೇಲಿನ ಪದರ ಒಣಗಿದೆ, ಕೆಳಗಿನದನ್ನು ಬಡಿಗೆಯಿಂದಲೇ ತಿಳಿಯಬೇಕು. ಪದರ ಚರ್ಮದಂತೆ ಬಾಗಿದರೆ ಕಾಲು ತೆಗೆಯಿರಿ. ಹೂತುಹೋದರೆ ಕಾಲನ್ನು ಮೇಲಕ್ಕೆ ಜಗ್ಗುವುದರಿಂದ ಬರುವುದಿಲ್ಲ. ಪಾದದ ಕೆಳಗೆ ಗಾಳಿಯಿಲ್ಲದೆ ಅದು ಹೀರಿ ಹಿಡಿಯುತ್ತದೆ, ಇನ್ನೊಂದು ಕಾಲೂ ಇಳಿಯುತ್ತದೆ. ಹಿಂದಕ್ಕೆ ಕುಳಿತು, ಬೇಕಾದರೆ ಅಂಗಾತ ಮಲಗಿ, ಭಾರ ಹರಡಿಸಿ. ಹಿಮ್ಮಡಿಯನ್ನು ಆಚೀಚೆ ಸಣ್ಣದಾಗಿ ಅಲುಗಿಸುತ್ತ ನೀರು, ಗಾಳಿ ಒಳಗೆ ಇಳಿಯಲು ಬಿಟ್ಟರೆ ಒಂದೆರಡು ನಿಮಿಷದಲ್ಲಿ ಕಾಲು ಬರುತ್ತದೆ. ಚಪ್ಪಲಿ ಬಾರದಿದ್ದರೆ ಹೋಗಲಿ ಬಿಡಿ.

ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿನೊಳಗೆ ಒಂದು ಲೋಟ ನೀರು ಹಾಕಿ ಬಿಗಿಯಾಗಿ ಮುಚ್ಚಿ, ಹಿಡಿಕೆಗೆ ಹದಿನೈದು ಮೀಟರ್ ನೈಲಾನ್ ಹಗ್ಗ ಕಟ್ಟಿ ಜತೆಗಿಟ್ಟುಕೊಳ್ಳಿ. ನೀರು ಹಾಕುವುದು ಎಸೆದರೆ ದೂರ ಹೋಗಲೆಂದು. ಪೂರಾ ಖಾಲಿ ಕ್ಯಾನನ್ನು ಗಾಳಿ ತಿರುಗಿಸುತ್ತದೆ. ಯಾರಾದರೂ ಬಿದ್ದರೆ ಹಗ್ಗದ ತುದಿ ಕಾಲಡಿ ಒತ್ತಿ, ಕ್ಯಾನನ್ನು ಅವರ ತಲೆಯಾಚೆಗೆ ಎಸೆದು ಎಳೆಯಿರಿ. ಒಬ್ಬರನ್ನು ಉಳಿಸಲು ಹಾರಿ ಇಬ್ಬರು ಮೂವರು ಹೋದ ಸುದ್ದಿಯನ್ನು ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ.

ನೀರಿಗಿಳಿಯದೆಯೂ ಕೆರೆಯ ಒಳಗನ್ನು ನೋಡುವ ಉಪಾಯವೊಂದಿದೆ, ಮಕ್ಕಳಿಗೆ ಹೆಬ್ಬಾತಿಗಿಂತ ಇದೇ ಹೆಚ್ಚು ಹಿಡಿಸೀತು. ದೊಡ್ಡ ಚಹಾ ಜರಡಿಯೊಂದನ್ನು ಮೂರಡಿ ಕೋಲಿಗೆ ತಂತಿಯಿಂದ ಬಿಗಿಯಿರಿ. ಒಂದು ಬಿಳಿ ಪ್ಲಾಸ್ಟಿಕ್ ತಾಟಿಗೆ ಅದೇ ಕೆರೆಯ ನೀರನ್ನು ಎರಡು ಬೆರಳು ಹಾಕಿಡಿ. ಕೊಡದ ನೀರಿನ ಬಿಸಿ ತಂಪು ಬೇರೆಯಿದ್ದು ಹುಳ ಸಾಯುತ್ತವೆ. ಆಪಿನ ಬುಡದಲ್ಲಿ ಅಥವಾ ಮುಳುಗಿದ ಹುಲ್ಲಿನೊಳಗೆ ಜರಡಿಯನ್ನು ಎಂಟರ ಆಕಾರದಲ್ಲಿ ಹತ್ತು ಎಣಿಸುವಷ್ಟು ಹೊತ್ತು ಆಡಿಸಿ, ತಾಟಿಗೆ ಬೋರಲು ಹಾಕಿ ಒಮ್ಮೆ ತಟ್ಟಿ. ನಡುನೀರಿನಲ್ಲಿ ಆಡಿಸಿದರೆ ಏನೂ ಸಿಗುವುದಿಲ್ಲ, ತಳದ ರಾಡಿ ಕೆದಕಿದರೆ ತಾಟೆಲ್ಲ ಕಪ್ಪಾಗಿ ಏನೂ ಕಾಣುವುದಿಲ್ಲ. ಈಗ ಎರಡು ನಿಮಿಷ ಸುಮ್ಮನೆ ಕೂಡಬೇಕು. ಕಸವೆಂದುಕೊಂಡದ್ದು ಒಂದೊಂದಾಗಿ ನಡೆಯತೊಡಗುತ್ತದೆ. ಕಡ್ಡಿ ಕಾಲೂರಿ ಹೊರಟರೆ ಅದು ನೀರುಚೇಳು. ಬಾಲದಂತೆ ಇರುವುದು ಉಸಿರು ಕೊಳವೆ, ಕೊಂಡಿಯಲ್ಲ, ಆದರೂ ಮುಟ್ಟಿದರೆ ಬಾಯಿಂದ ಚುಚ್ಚುತ್ತದೆ. ಅಂಗಾತವಾಗಿ ಹುಟ್ಟು ಹಾಕುತ್ತ ಓಡುವುದು ಬೆನ್ನೀಜು ಹುಳ, ಅದೂ ಚುಚ್ಚುತ್ತದೆ, ಚಮಚದಲ್ಲಿ ಎತ್ತಿ. ಕೆಸರು ಬಣ್ಣದ ದಪ್ಪ ಹುಳವೊಂದು ತಟಕ್ಕನೆ ಮುಂದೆ ಚಿಮ್ಮಿದರೆ ಅದು ಏರೋಪ್ಲೇನ್ ಚಿಟ್ಟೆಯ ಮರಿ. ಹಿಂಬದಿಯಿಂದ ನೀರು ಒಳಗೆಳೆದು ಪಿಚಕಾರಿಯಂತೆ ಬಿಟ್ಟು ಓಡುತ್ತದೆ. ಅದರ ಕೆಳದವಡೆ ಮಡಚಿಟ್ಟ ಕೈಯಂತೆ. ತಾಟಿನಲ್ಲಿ ಸೊಳ್ಳೆಮರಿ ಇದ್ದರೆ ಆ ಕೈ ಚಾಚಿ ಹಿಡಿಯುವುದನ್ನೂ ನೋಡಬಹುದು, ಕಣ್ಣು ಮಿಟುಕಿಸಬಾರದು ಅಷ್ಟೆ.

ತಾಟು ನೀರಿನ ಆರೋಗ್ಯವನ್ನೂ ಹೇಳುತ್ತದೆ. ಮೂರು ಬಾಲದ ಎಳೆಗಳಿದ್ದು, ಹೊಟ್ಟೆಯ ಪಕ್ಕದಲ್ಲಿ ಪುಕ್ಕದಂಥ ಕಿವಿರು ಬಡಿಯುವ ಹುಳ ಸಿಕ್ಕರೆ ನೀರಿನಲ್ಲಿ ಆಮ್ಲಜನಕ ಚೆನ್ನಾಗಿದೆ. ದಾರದಂಥ ಕೆಂಪು ಹುಳಗಳೇ ತುಂಬಿದ್ದರೆ ಆಮ್ಲಜನಕ ಕಡಿಮೆ. ಆ ಕೆಂಪು ನಮ್ಮ ನೆತ್ತರಿನಲ್ಲಿರುವಂಥದ್ದೇ ಹಿಮೋಗ್ಲೋಬಿನ್, ಉಸಿರುಗಟ್ಟುವ ರಾಡಿಯಲ್ಲಿ ಇದ್ದಷ್ಟನ್ನು ಹಿಡಿದಿಟ್ಟುಕೊಳ್ಳಲು. ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೂ ಅದೇ ಕಥೆ: ಗೊಬ್ಬರ, ಊರ ಗಟಾರು ಸೇರಿ ಪಾಚಿ ಹೆಚ್ಚಾಗಿ, ರಾತ್ರಿಯೆಲ್ಲ ಆ ಪಾಚಿಯೇ ಆಮ್ಲಜನಕ ಕುಡಿದಿರುತ್ತದೆ. ದಂಡೆಗೆ ಹಸಿರು ಬಣ್ಣ ಚೆಲ್ಲಿದಂತೆ ಕೆನೆ ಕಟ್ಟಿದ್ದರೆ ಆ ನೀರನ್ನು ಮುಟ್ಟಬೇಡಿ, ದನಕ್ಕೂ ಕುಡಿಸಬಾರದು. ಅಂಥ ಪಾಚಿಯಲ್ಲಿ ವಿಷದ ಜಾತಿಗಳಿವೆ. ನೋಡಿದ ಮೇಲೆ ತಾಟನ್ನು ತಂದ ಜಾಗದಲ್ಲೇ ಮೆಲ್ಲಗೆ ಮುಳುಗಿಸಿ ಬಿಡಿ, ಕೈಗೆ ಸಾಬೂನು ಹಚ್ಚಿ ತೊಳೆದು ಆಮೇಲೆ ಬುತ್ತಿ ಬಿಚ್ಚಿ. ಕಾಲಿಗೆ ಗಾಯವಿದ್ದವರು ನಿಂತ ನೀರಿಗೆ ಇಳಿಯಲೇಬಾರದು. ಇಲಿಜ್ವರ ಬರುವುದು ಹೀಗೆ.

ಕೆರೆಯಿಂದ ಮೇಲಕ್ಕೆ ಹಳ್ಳ ಹಿಡಿದು ನಡೆಯುವುದನ್ನು ನವೆಂಬರ್ ನಂತರ ಇಟ್ಟುಕೊಳ್ಳಿ. ನಡೆಯುವುದು ಒಡ್ಡಿನ ಮೇಲೆ, ಬಿತ್ತಿದ ಹೊಲದೊಳಗಲ್ಲ. ಎದುರು ಸಿಕ್ಕ ರೈತರನ್ನು ಕೇಳಿ ಮುಂದೆ ಹೋಗಿ. ಕೇಳುವುದು ಬರೀ ಮರ್ಯಾದೆಗಲ್ಲ. ಹಂದಿ ಕಾಟಕ್ಕೆ ಕೆಲವರು ರಾತ್ರಿ ತಂತಿಗೆ ಕರೆಂಟ್ ಹಾಯಿಸಿ ಬೆಳಗ್ಗೆ ತೆಗೆಯಲು ಮರೆಯುವುದುಂಟು, ಅದು ಎಲ್ಲಿದೆ ಎಂದು ಅವರಿಗೇ ಗೊತ್ತು. ಎಳ್ಳಮವಾಸ್ಯೆಗೆ ಹೋದಿರೆಂದರೆ ಬುತ್ತಿ ಒಯ್ಯುವ ಅಗತ್ಯವೂ ಬೀಳಲಿಕ್ಕಿಲ್ಲ, ಚರಗ (ಹೊಲಕ್ಕೆ ಕೊಡುವ ಎಡೆ) ಚೆಲ್ಲಿದ ಮೇಲೆ ಊಟಕ್ಕೆ ಕೂಡಿಸದೆ ಕಳಿಸುವ ಹೊಲ ಅಪರೂಪ. ಹಳ್ಳದ ಮರಳಿನಲ್ಲಿ ಬೆಳಗಿನ ಹೊತ್ತು ಹೆಜ್ಜೆಗುರುತು ನೋಡಿ: ನವಿಲಿನದು ಮೂರು ಬೆರಳಿನ ಬಾಣ, ನರಿಯದು ನಾಯಿಯದಕ್ಕಿಂತ ಉದ್ದನೆ ಮತ್ತು ಒಂದೇ ಗೆರೆಯಲ್ಲಿ, ಮುಂಗುಸಿಯದು ಚಿಕ್ಕದು, ಐದು ಬೆರಳು, ಉಗುರು ಸಮೇತ. ಬಿಸಿಲು ನೇರವಾದ ಮೇಲೆ ನೆರಳು ಬೀಳದೆ ಅದೇ ಗುರುತು ಕಣ್ಣಿಗೇ ಬೀಳುವುದಿಲ್ಲ.

ಹಳ್ಳ, ಹೊಳೆಗಳ ಪ್ರವಾಹದ ಬಗೆ ಬೇರೆ ಬೇರೆ. ಇದು ಗೊತ್ತಿಲ್ಲದೆ ಮಳೆಗಾಲದಲ್ಲಿ ಅವುಗಳ ಹತ್ತಿರ ಹೋಗಬಾರದು. ಶಿಗ್ಗಾಂವಿ ಕಡೆಯಿಂದ ಹುಟ್ಟಿ ಕುಂದಗೋಳ, ನವಲಗುಂದ ಎರೆಸೀಮೆ ಹಾಯ್ದು ಮಲಪ್ರಭೆ ಸೇರುವ ಬೆಣ್ಣಿಹಳ್ಳ ಉಬ್ಬಿದ ಎರೆಯ ಮೇಲಿನ ಮಳೆಯನ್ನೆಲ್ಲ ಗಂಟೆಗಳಲ್ಲಿ ತಂದು ಸುರಿಯುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಅದಕ್ಕೆ ಮೇಲ್ಗಡೆಯ ಮೋಡ ನೋಡಿದರೆ ಸಾಕು. ವರದಾ ಹಾಗಲ್ಲ. ಅದರ ಹುಟ್ಟು ಸಾಗರದ ಹತ್ತಿರದ ವರದಾಮೂಲದಲ್ಲಿ. ಹಾನಗಲ್, ಹಾವೇರಿಯಲ್ಲಿ ಬಿಸಿಲು ಕಾಯುತ್ತಿರುವಾಗಲೇ ಮಲೆನಾಡಿನ ಮಳೆ ಇಲ್ಲಿ ಹೊಳೆ ಏರಿಸುತ್ತದೆ, ಇಳಿಯಲು ದಿನಗಟ್ಟಲೆ ಬೇಕು. ತುಂಗಭದ್ರೆಗೆ ಅದರ ಜತೆ ಭದ್ರಾ ಅಣೆಕಟ್ಟೆಯಿಂದ ಬಿಡುವ ನೀರೂ ಸೇರುತ್ತದೆ. ಕೋಡಿಯಾಗಲಿ ಮುಳುಗುಸೇತುವೆಯಾಗಲಿ, ಹರಿವ ನೀರು ಮೊಣಕಾಲಿಗೆ ಬಂದರೆ ದಾಟುವ ಮಾತಿಲ್ಲ. ಕೋಡಿಯ ಕಲ್ಲಿಗೆ ಪಾಚಿ ಹಿಡಿದಿದ್ದರೆ ಪಾದ ಮುಳುಗುವಷ್ಟು ನೀರೇ ಸಾಕು ಜಾರಿಸಲು.

ಒಂದು ಸಲ ಧಾರವಾಡಕ್ಕೆ ಹೋದಾಗ ಸೋಮೇಶ್ವರ ಗುಡಿಯ ಹತ್ತಿರ ಶಾಲ್ಮಲೆಯ ಮೂಲ ನೋಡಿ ಬನ್ನಿ, ಅರ್ಧ ಗಂಟೆಯ ಕೆಲಸ. ಅಲ್ಲಿಯ ನೀರು ಪಡುವಣಕ್ಕೆ ಹೊರಟು, ಕಲಘಟಗಿ ಬಳಿ ಬೇಡ್ತಿಗೆ ಸೇರಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರಕ್ಕೆ ಬೀಳುತ್ತದೆ. ಅದೇ ದಿಬ್ಬದ ಮೂಡಣ ಬದಿಗೆ ಬಿದ್ದ ಮಳೆ ಬೆಣ್ಣಿಹಳ್ಳ, ಮಲಪ್ರಭೆ, ಕೃಷ್ಣೆ ಹಿಡಿದು ಬಂಗಾಳ ಕೊಲ್ಲಿಗೆ. ಹುಬ್ಬಳ್ಳಿ-ಧಾರವಾಡ ಅವಳಿ ನಗರ ಕೂತಿರುವುದು ನೀರು ಎರಡು ಕಡೆಗೆ ಹರಿಯುವ ಈ ಏಣಿನ ಮೇಲೆ.

ಅಡವಿ ನಿಮಗೆ ಹತ್ತಿರದ್ದು ಕಪ್ಪತಗುಡ್ಡ. 2019ರಲ್ಲಿ ವನ್ಯಜೀವಿ ಧಾಮವಾಯಿತು, 244 ಚದರ ಕಿಲೋಮೀಟರ್ ಚಿಲ್ಲರೆ. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ಮುಂಚೆಯೇ ಕೇಳಿ. ಅಡವಿ ಎಂದರೆ ನೆರಳು ಎಂದುಕೊಂಡು ಹೋದರೆ ಬೇಸರವಾದೀತು. ಇದು ಕುರುಚಲು: ಬಂದರಿಕೆ, ಕವಳಿ, ಕಾರಿ, ಬಾರಿ, ನಡುನಡುವೆ ಹುಲ್ಲು, ಕಬ್ಬಿಣದಂಶದ ಕೆಂಪು ಕಲ್ಲು. ತೋಳ, ಕತ್ತೆಕಿರುಬ ಬದುಕುವುದು ಇಂಥಲ್ಲೇ, ದಟ್ಟ ಕಾಡಿನಲ್ಲಲ್ಲ. ಹೋಗಲು ಒಳ್ಳೆಯ ಕಾಲ ಆಗಸ್ಟ್‌ನಿಂದ ಅಕ್ಟೋಬರ್, ಗುಡ್ಡ ಹಸಿರಾಗಿ ಸಣ್ಣ ಝರಿ ಹರಿಯುವಾಗ. ಮಾರ್ಚ್ ಮೇಲೆ ಬೆಂಕಿಯ ಭಯ, ಬೀಡಿ ಸಿಗರೇಟು ಯಾರ ಜೇಬಿನಲ್ಲೂ ಇರಬಾರದು. ಕೃಷ್ಣಮೃಗ ನೋಡಬೇಕೆಂದರೆ ರಾಣೆಬೆನ್ನೂರು ಧಾಮ, 1974ರದ್ದು, 119 ಚದರ ಕಿಲೋಮೀಟರ್. ಒಂದು ಕಾಲಕ್ಕೆ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಓಡಾಡಿದ ಬಯಲು ಅದು. ಬಯಲಿನಲ್ಲಿ ನೀಲಗಿರಿ ನೆಟ್ಟದ್ದು ತಪ್ಪೆಂದೇ ನಮ್ಮ ಎಣಿಕೆ. ಹುಲ್ಲುಗಾವಲಿಗೆ ಗಿಡ ನೆಟ್ಟರೆ ಹಸಿರು ಹೆಚ್ಚುತ್ತದೆ, ಬಯಲಿನ ಪ್ರಾಣಿ ಕಳೆಯುತ್ತದೆ. ತೇಗ, ಮತ್ತಿ, ಹೊನ್ನೆಯ ನಿಜವಾದ ನೆರಳು ಬೇಕಿದ್ದರೆ ಕಲಘಟಗಿಯ ಪಡುವಣ ಬದಿ. ಮಳೆಗಾಲದಲ್ಲಿ ಜಿಗಣೆ ಇರುತ್ತವೆ, ಕಾಲುಚೀಲದ ಮೇಲೆ ತಂಬಾಕು ನೀರು ಸವರಿಕೊಳ್ಳಿ.

ಹಾವಿನ ಬಗ್ಗೆ ಭಯಕ್ಕಿಂತ ಶಿಸ್ತು ಬೇಕು. ಕೆರೆಯಲ್ಲಿ ತಲೆಯೆತ್ತಿ ಈಜುವುದು ಹೆಚ್ಚಾಗಿ ನೀರೊಳ್ಳೆ, ಕಚ್ಚಿದರೂ ವಿಷವಿಲ್ಲ. ಅಪಾಯದ್ದು ಒಡ್ಡಿನ ಹುಲ್ಲಿನಲ್ಲಿ ಮಲಗುವ ಕೊಳಕುಮಂಡಲ, ಮಸಾರಿ ಕಲ್ಲಿನ ಸಂದಿನ ಗರಗಸ ಮಂಡಲ. ಹುಲ್ಲಿನಲ್ಲಿ ಬಡಿಗೆ ಮುಂದೆ ಆಡಿಸುತ್ತ ನಡೆಯಿರಿ, ಕೂಡುವ ಮೊದಲು ಕಲ್ಲನ್ನು ಬಡಿಗೆಯಿಂದ ಸರಿಸಿ, ಕೈಯಿಂದಲ್ಲ. ಕಚ್ಚಿದರೆ ಕಟ್ಟು ಹಾಕಬೇಡಿ, ಕೊಯ್ಯಬೇಡಿ, ಮಂತ್ರ ಹಾಕಿಸಲು ಹೊತ್ತು ಕಳೆಯಬೇಡಿ. ಉಂಗುರ, ಕಾಲ್ಗಡಗ ತೆಗೆದು, ಕಚ್ಚಿದ ಕಾಲನ್ನು ಬಡಿಗೆಗೆ ಸಡಿಲವಾಗಿ ಕಟ್ಟಿ ಅಲುಗದಂತೆ ಮಾಡಿ, ನಡೆಸದೆ ಹೊತ್ತು ತಂದು 108ಕ್ಕೆ ಕರೆ ಮಾಡಿ. ಹೊರಡುವ ಮೊದಲೇ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಹಾವಿನ ವಿಷ ಇಳಿಸುವ ಇಂಜೆಕ್ಷನ್ ಇದೆಯೇ ಎಂದು ಒಮ್ಮೆ ಕೇಳಿಟ್ಟುಕೊಳ್ಳಿ. ಹೆಜ್ಜೇನು ಇನ್ನೊಂದು: ಸೇತುವೆಯ ಹೊಟ್ಟೆಗೆ, ಆಲದ ಟೊಂಗೆಗೆ ಕಟ್ಟಿರುತ್ತದೆ. ಸೆಂಟು, ಹೊಗೆ, ಕಲ್ಲೆಸೆತ ಮೂರೂ ಕೂಡದು. ಎದ್ದರೆ ನೀರಿಗೆ ಹಾರುವುದಲ್ಲ, ಮುಖ ಮುಚ್ಚಿ ನೇರ ಓಡುವುದು. ತಲೆ ಎತ್ತುವವರೆಗೂ ಅವು ನೀರಿನ ಮೇಲೇ ಕಾಯುತ್ತವೆ.

ಸಾಮಾನು ಹೆಚ್ಚು ಬೇಡ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಟೋಪಿ, ಮೇಲೆ ಹೇಳಿದ ಬಡಿಗೆ, ಕ್ಯಾನು, ಜರಡಿ, ತಾಟು. ದುರ್ಬೀನು ಕೊಳ್ಳುವುದಾದರೆ 8×42 ಎಂದು ಬರೆದದ್ದು, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವುದು. ಹತ್ತು ಪಟ್ಟು, ಹನ್ನೆರಡು ಪಟ್ಟು ಎಂದು ಅಂಗಡಿಯವರು ಹೇಳುವುದಕ್ಕೆ ಮಾರುಹೋಗಬೇಡಿ, ಹೆಚ್ಚು ದೊಡ್ಡದಾಗಿಸಿದಷ್ಟೂ ಕೈ ನಡುಗಿದ್ದೂ ದೊಡ್ಡದಾಗಿ ಕಾಣುತ್ತದೆ, ಮಕ್ಕಳ ಕೈಯಲ್ಲಂತೂ ಹಕ್ಕಿ ನಿಲ್ಲುವುದೇ ಇಲ್ಲ. ಪಟ್ಟಿ ಪುಸ್ತಕವೊಂದರಲ್ಲಿ ಪ್ರತಿ ಸಲ ತೂಬಿನ ಕಲ್ಲಿನ ಮೇಲೆ ನೀರು ಎಷ್ಟನೆಯ ಮೆಟ್ಟಿಲಿಗಿದೆ, ಯಾವ ಹಕ್ಕಿ ಎಷ್ಟು ಎಂದು ಬರೆದಿಡಿ. ಹೆಬ್ಬಾತಿನ ಕುತ್ತಿಗೆಗೆ ಬಣ್ಣದ ಪಟ್ಟಿ ಕಂಡರೆ ಬಣ್ಣ, ಅಕ್ಷರ, ಅಂಕಿ ಬರೆದುಕೊಂಡು ಮಾಗಡಿಯ ಅರಣ್ಯ ಸಿಬ್ಬಂದಿಗೆ ತೋರಿಸಿ. ಹಕ್ಕಿಯ ದಾರಿ ತಿಳಿಯಲು ಸಂಶೋಧಕರು ಹಾಕಿದ ಪಟ್ಟಿ ಅದು.

ಹಾಗೆಲ್ಲ ನಡೆದು ಕೆಳಗೆ ಕೆಳಗೆ ಹೋಗುತ್ತಾ ಹೊಳೆ ನೋಡುವ ಮನಸ್ಸಾದರೆ ಡಿಸೆಂಬರಿನಲ್ಲಿ ಗಳಗನಾಥಕ್ಕೆ ಹೋಗಿ. ವರದಾ ತುಂಗಭದ್ರೆಯನ್ನು ಸೇರುವುದು ಅಲ್ಲಿ, ದಂಡೆಯ ಮೇಲೇ ಚಾಲುಕ್ಯರ ಕಾಲದ ಗಳಗೇಶ್ವರ ಗುಡಿ. ನೀರಿಳಿದು ಮರಳುದಿಣ್ಣೆ ಎದ್ದಿರುವಾಗ ಹೊಳೆ ರೀವಗಳು ಮೀನಿಗೆ ಎರಗುವುದು ಮೆಟ್ಟಿಲ ಮೇಲಿಂದಲೇ ಕಾಣುತ್ತದೆ. ಮಕ್ಕಳು ಆ ಮೆಟ್ಟಿಲ ಮೇಲೇ ಇರಲಿ. ತುಂಗಭದ್ರೆಯಲ್ಲಿ ಮೊಸಳೆಯಿದೆ, ಮರಳು ತೆಗೆದ ಗುಂಡಿಗಳೂ ಇವೆ.